ಕುಡಿಯುವುದನ್ನು ಬಿಟ್ಟ ಮೇಲೆ

ಮೊನ್ನೆ ಬೆಳಿಗ್ಗೆ ಒಂದು ಹೋರಿಗೆ ಸೂಜಿ ಚುಚ್ಚಬೇಕಿತ್ತು. ಬಾಟಲಿಯ ಮುಚ್ಚಳ ತೆಗೆದೆ, ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಒರೆಸಿದೆ, ಸೂಜಿ ಕೊಟ್ಟೆ, ಮುಚ್ಚಳ ಹಾಕಿದೆ. ಹೋರಿಯ ಯಜಮಾನ ಮೂಗು ಮುಚ್ಚಿಕೊಂಡು, "ಏನ್ ಘಾಟ ವಾಸನಿರಿ ಕಂಪೌಂಡರ್ ಸಾಬ್!" ಎಂದ. ನನ್ನ ಮೂಗು ಅದನ್ನು ಗಮನಿಸಿಯೇ ಇರಲಿಲ್ಲ ಎಂಬುದು ಆಗ ಹೊಳೆಯಿತು. ಇದರಲ್ಲೇನು ದೊಡ್ಡದು ಎನ್ನುತ್ತೀರಿ. ಒಂದು ಕಾಲಕ್ಕೆ ಆ ವಾಸನೆಗೆ ನನ್ನ ಬಾಯಲ್ಲಿ ನೀರೂರುತ್ತಿತ್ತು. ಇನ್ನೊಂದು ಕಾಲಕ್ಕೆ ಕೈಕಾಲು ತಣ್ಣಗಾಗುತ್ತಿದ್ದವು. ಈಗ ಅದು ಬರೀ ಸ್ಪಿರಿಟ್. ಇಷ್ಟು ಸಣ್ಣ ಜಾಗಕ್ಕೆ ಬಂದು ಮುಟ್ಟಲು ನನಗೆ ವರ್ಷಗಳೇ ಹಿಡಿದವು.

ನನ್ನ ಮನೆ ಬಸವಕಲ್ಯಾಣದಲ್ಲಿ. ಕೆಲಸ ಮಂಠಾಳದ ಆಚೆಯ ಒಂದು ಸಣ್ಣ ಹಳ್ಳಿಯ ದನದ ದವಾಖಾನೆಯಲ್ಲಿ. ಹದಿನಾಲ್ಕು ವರ್ಷ ಕುಡಿದೆ. ಕುಡಿಯುವವರ ಪೈಕಿ ನಾನು ಮರ್ಯಾದಸ್ಥ ಎಂದು ನನ್ನ ನಂಬಿಕೆ. ಗಟಾರದಲ್ಲಿ ಬಿದ್ದವನಲ್ಲ, ಹೆಂಡತಿಯ ಮೇಲೆ ಕೈ ಎತ್ತಿದವನಲ್ಲ, ಏಲಕ್ಕಿ ಅಗಿಯದೆ ಮನೆಯ ಹೊಸ್ತಿಲು ದಾಟಿದವನಲ್ಲ. ಏಲಕ್ಕಿ ವಾಸನೆ ಬಂದರೆ ಸಾಕು, ಇವತ್ತು ಭಾರಿ ಆಗಿದೆ ಎಂದು ಇಡೀ ಗಲ್ಲಿಗೆ ಗೊತ್ತಾಗುತ್ತಿತ್ತಂತೆ. ಇದನ್ನು ನನ್ನ ಹೆಂಡತಿ ಮಹಾದೇವಿ ಹೇಳಿದ್ದು ನಾನು ಬಿಟ್ಟ ಮೇಲೆ. ಅಲ್ಲಿಯವರೆಗೆ ನಮ್ಮ ಮನೆಯಲ್ಲಿ ಕುಡಿತ ಎಂಬ ಶಬ್ದವೇ ಇರಲಿಲ್ಲ. ಯಾರಾದರೂ ಹುಡುಕಿಕೊಂಡು ಬಂದರೆ ಆಕೆ ಬಾಗಿಲಲ್ಲೇ ನಿಂತು, "ಅವರಿಗಿ ಆರಾಮಿಲ್ರಿ, ಮಲಗ್ಯಾರ" ಎನ್ನುತ್ತಿದ್ದಳು. ಮಗಳು ಸುವರ್ಣಾ ಆಗ ಇನ್ನೂ ಶಾಲೆಗೆ ಹೋಗುತ್ತಿದ್ದಳು. ಅವಳೂ ಅದನ್ನೇ ಕಲಿತಳು.

ಹಳ್ಳಿಯಲ್ಲಿ ಗುರಮ್ಮ ಎಂಬ ಹೆಂಗಸಿದ್ದಾಳೆ. ಗಂಡ ತೀರಿದ ಮೇಲೆ ಎರಡು ಎಮ್ಮೆಗಳ ಮೇಲೆಯೇ ಸಂಸಾರ ತೂಗಿಸಿದವಳು. ಒಂದು ಮಧ್ಯಾಹ್ನ ಅವಳ ಎಮ್ಮೆಗೆ ಹೆರಿಗೆ ನೋವು ಹತ್ತಿ, ಕರು ಅಡ್ಡ ಸಿಕ್ಕಿಕೊಂಡಿತ್ತು. ಡಾಕ್ಟರು ರಜೆಯಲ್ಲಿದ್ದರು. ಹೇಳಿಕಳಿಸಿದಾಗ ನಾನು ಊಟಕ್ಕೆ ಮೊದಲೇ ಎರಡು ಗ್ಲಾಸು ಮುಗಿಸಿದ್ದೆ. ಹೋದೆ. ತೋಳು ತೊಳೆಯಲು ಬಾಗಿದವನು ಬಕೆಟ್ಟನ್ನೇ ಉರುಳಿಸಿದೆ. ಗುರಮ್ಮ ಹತ್ತಿರ ಬಂದು ನನ್ನ ಮುಖ ನೋಡಿದಳು.

"ಕುಡದ ಬಂದೀಯೇನಪ್ಪ?"

"ಇಲ್ಲಬೇ, ಜರಾ ಆರಾಮಿಲ್ಲ."

"ಹಾಂಗಾದ್ರ ಮನಿಗಿ ಹೋಗು. ನನ್ನ ಎಮ್ಮಿಗಿ ಕೈ ಹಚ್ಚಬ್ಯಾಡ."

ಬೈಯಲಿಲ್ಲ, ಕೂಗಲಿಲ್ಲ. ಬಸವಕಲ್ಯಾಣದಿಂದ ಬೇರೆಯವರು ಬರುವ ಹೊತ್ತಿಗೆ ಕರು ಒಳಗೇ ಸತ್ತಿತ್ತು. ಎಮ್ಮೆ ಉಳಿಯಿತು. ಆಕೆ ಯಾರಿಗೂ ದೂರು ಕೊಡಲಿಲ್ಲ. ಕೊಟ್ಟಿದ್ದರೆ ನಾನು ಅವಳ ಮೇಲೆ ಸಿಟ್ಟು ಮಾಡಿಕೊಂಡು ಇನ್ನೊಂದು ಗ್ಲಾಸಿಗೆ ನೆಪ ಮಾಡಿಕೊಳ್ಳುತ್ತಿದ್ದೆನೇನೋ. ಆ ಸಂಜೆ ಮನೆಗೆ ಹೋಗಿ ಮಹಾದೇವಿಯ ಮುಂದೆ ಕೂತು, "ನಾ ಕುಡೀತೀನಿ. ನನ್ನಿಂದ ಬಿಡಾಕ ಆಗವಲ್ದು" ಎಂದೆ. ಎಲ್ಲರಿಗೂ ಗೊತ್ತಿದ್ದ ವಿಷಯವನ್ನು ಹೊಸದೆಂಬಂತೆ ಹೇಳಿದ್ದೆ. ಆಕೆ ಒಲೆ ಆರಿಸಿ, ತನ್ನ ಅಣ್ಣನಿಗೆ ಫೋನ್ ಹಚ್ಚಿದಳು.

ಕುಡಿತ ಬಿಡಿಸುವ ದವಾಖಾನೆಯಲ್ಲಿ ಕೆಲವು ವಾರ ಇಟ್ಟುಕೊಂಡರು. ದನಗಳಿಗೆ ಸೂಜಿ ಚುಚ್ಚುವವನು ತಾನು ಚುಚ್ಚಿಸಿಕೊಳ್ಳುವಾಗ ಎಷ್ಟು ಕಿರುಚಾಡಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಹೊರಗೆ ಬಂದ ಮೇಲೆ ಹುಮನಾಬಾದಿನಲ್ಲಿ ಬಿಟ್ಟವರೆಲ್ಲ ಭಾನುವಾರ ಕೂಡುವ ಒಂದು ಕೋಣೆಗೆ ಹೋಗಲು ಹೇಳಿದರು. ಅಲ್ಲಿ ಸಿಕ್ಕವರು ಚಾಂದಪಾಷಾ ಭಾಯಿ. ಗಾದಿ ಹೊಲಿಯುವ ಅಂಗಡಿ ಅವರದು. ಗಡ್ಡದಲ್ಲಿ ಯಾವಾಗಲೂ ಹತ್ತಿಯ ಎಳೆ. ನನಗಿಂತ ಎಷ್ಟೋ ಮೊದಲು ಬಿಟ್ಟವರು. ಗುರಮ್ಮನ ಎಮ್ಮೆಯ ಕತೆಯನ್ನು ಅವರಿಗೆ ಮೊದಲ ಭಾನುವಾರವೇ ಹೇಳಿದ್ದೆ.

ಬಿಟ್ಟ ಮೊದಲ ವರ್ಷ ನನ್ನದು ಬರೀ ಅಂಜಿಕೆ. ಶರಾಬಿನ ಅಂಗಡಿ ಇರುವ ರಸ್ತೆ ತಪ್ಪಿಸಲು ಅರ್ಧ ಊರು ಸುತ್ತುತ್ತಿದ್ದೆ. ಕೆಲಸದಲ್ಲಿ ಸ್ಪಿರಿಟ್ ಬಾಟಲಿಯನ್ನು ಮುಖ ಆಚೆ ತಿರುಗಿಸಿ ತೆರೆಯುತ್ತಿದ್ದೆ. ಒಂದು ಸಲ ಹಾಗೆ ಮಾಡಲು ಹೋಗಿ ಆಕಳಿಗೆ ಕೊಡಬೇಕಾದ ಸೂಜಿಯನ್ನು ನನ್ನ ಹೆಬ್ಬೆರಳಿಗೇ ಕೊಟ್ಟುಕೊಂಡೆ. ಅಂಜಿಕೆ ಹೋದ ಮೇಲೆ ಸಿಟ್ಟು ಬಂತು. ಕುಡಿಯುವವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಘಾಟಬೋರಾಳದ ಅಕ್ಕನ ಮನೆಯಲ್ಲಿ ಅವಳ ಮೊಮ್ಮಗನ ಮೊದಲ ಕೂದಲು ತೆಗೆಸುವ ಜಾವಳ ಇತ್ತು. ಅಲ್ಲಿ ಸ್ವಲ್ಪ ಕುಡಿದು ಬಂದಿದ್ದ ಒಬ್ಬ ಸಂಬಂಧಿಕನಿಗೆ ಪಂಕ್ತಿಯ ನಡುವೆಯೇ ಉಪದೇಶ ಶುರು ಮಾಡಿದೆ. ಆತ ಎಲೆಯ ಮೇಲಿನ ಹೋಳಿಗೆ ಬಿಟ್ಟು ಎದ್ದು ಹೋದ. ನಾನು ಗೆದ್ದವನಂತೆ ತುಪ್ಪ ಹಾಕಿಸಿಕೊಂಡೆ. ವಾಪಸು ಬರುವಾಗ ಮಹಾದೇವಿ ಹೇಳಿದಳು, "ಕುಡಿಯೂ ಮುಂದ ಒಂದ ನಮೂನಿ ಕಾಡಿದ್ರಿ. ಬಿಟ್ಟ ಮ್ಯಾಲ ಇನ್ನೊಂದ ನಮೂನಿ ಕಾಡಾಕತ್ತೀರಿ. ನಾ ಹ್ಯಾಂಗ ಬಾಳೇವು ಮಾಡಬೇಕ್ರಿ?"

ಈ ದೂರನ್ನು ಚಾಂದಪಾಷಾ ಭಾಯಿಗೆ ಒಪ್ಪಿಸಿದೆ. ಅವರು ನನ್ನ ಪರ ಮಾತಾಡುತ್ತಾರೆ ಎಂದುಕೊಂಡಿದ್ದೆ.

"ಭಾಬಿ ಖರೇನೇ ಅಂದಾರ," ಎಂದರು ಸೂಜಿಗೆ ದಾರ ಪೋಣಿಸುತ್ತ. "ಶರಾಬ್ ಅಂಗಡ್ಯಾಗ ಅದರ ಪಾಡಿಗಿ ಅದ ಕುಂತದ. ಅದರ ಸಂಗಟ ನೀವು ಯಾಕ ದಿನಾ ಜಗಳಾ ಆಡ್ತೀರಿ? ಜಗಳಾ ಅಂದ್ರೂ ಸಂಬಂಧಾನೇ ಅಲ್ರಿ. ಆ ಮನುಷ್ಯಾ ಉಪವಾಸ ಹ್ವಾದ. ನಿಮಗ ಗುರಮ್ಮ ಹಾಂಗ ಪಂಕ್ತ್ಯಾಗ ಮಾನಾ ತಗದಿದ್ಲೇನು?"

ಅವರ ಅಂಗಡಿಯಿಂದ ಬಸ್‌ಸ್ಟ್ಯಾಂಡಿನವರೆಗೆ ನಡೆದದ್ದು ನೆನಪಿಲ್ಲ. ಮರುವಾರ ಘಾಟಬೋರಾಳಕ್ಕೆ ಹೋಗಿ ಆ ಸಂಬಂಧಿಕನ ಕ್ಷಮೆ ಕೇಳಿದೆ. ಆತ ಅನುಮಾನದಿಂದ ನೋಡಿ ಚಹಾ ಕೊಟ್ಟ. ಅವನಿನ್ನೂ ಕುಡಿಯುತ್ತಾನೆ. ನಾವು ಮಾತಾಡುತ್ತೇವೆ.

ಗುರಮ್ಮನ ಮನೆಯಿಂದ ಮತ್ತೆ ಕರೆ ಬಂದದ್ದು ಅದಾಗಿ ಎರಡು ವರ್ಷಕ್ಕೆ. ಅಲ್ಲಿಯವರೆಗೆ ಅವಳು ಡಾಕ್ಟರನ್ನಷ್ಟೇ ಕರೆಯುತ್ತಿದ್ದಳು, ನಾನಿದ್ದರೆ ದವಾಖಾನೆಯ ಬಾಗಿಲಿಂದಲೇ ತಿರುಗಿ ಹೋಗುತ್ತಿದ್ದಳು. ಅಂದು ಡಾಕ್ಟರು ದೂರದ ಕ್ಯಾಂಪಿನಲ್ಲಿದ್ದರು. ಹೋದಾಗ ಆಕೆ ಕೊಟ್ಟಿಗೆಯ ಬಾಗಿಲಿಗೆ ಅಡ್ಡ ನಿಂತು, "ಕೈ ತೋರ್ಸು" ಎಂದಳು. ಎರಡೂ ಕೈ ಚಾಚಿದೆ. ನಡುಗುತ್ತವೆಯೇ ಎಂದು ಆಕೆ ಅವಸರವಿಲ್ಲದೆ ನೋಡಿದಳು. ಆಮೇಲೆ ಪಕ್ಕಕ್ಕೆ ಸರಿದು, "ಹೋಗು" ಎಂದಳು. ಕರುವಿನ ತಲೆ ಹಿಂದಕ್ಕೆ ಮಡಚಿಕೊಂಡಿತ್ತು. ಅದನ್ನು ನಿಧಾನ ತಿರುಗಿಸಿ ಎಳೆಯುವ ಹೊತ್ತಿಗೆ ನನ್ನ ಅಂಗಿ ಪೂರ್ತಿ ತೊಯ್ದಿತ್ತು. ಹೆಣ್ಣು ಕರು, ಮೂಗು ಒರೆಸಿದ ಕೂಡಲೇ ಸೀನಿತು. ಮಾರನೆಯ ದಿನ ಗುರಮ್ಮ ಆ ಎಮ್ಮೆಯ ಮೊದಲ ಹಾಲಿನ ಗಿಣ್ಣ ಮಾಡಿ, ಒಂದು ಡಬ್ಬಿ ತುಂಬ ನಮ್ಮ ಮನೆಗೆ ಕಳಿಸಿದಳು. ನಾವು ಮೂವರೂ ಬೆಳಿಗ್ಗೆ ಅದನ್ನೇ ತಿಂದೆವು. ನನ್ನ ನೌಕರಿಯಲ್ಲಿ ಹೆಮ್ಮೆಯ ದಿನ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಅದನ್ನೇ ಹೇಳುತ್ತೇನೆ.

ಸುವರ್ಣಾ ಈಗ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಹೋದ ತಿಂಗಳು ಅವಳನ್ನು ನೋಡಲು ಗೋರ್ಟಾ ಕಡೆಯವರು ಬಂದಿದ್ದರು. ಅವಲಕ್ಕಿ ಆಗಿ ಚಹಾ ಬಂದ ಮೇಲೆ ಹುಡುಗನ ಸೋದರತ್ತೆ ಸುತ್ತುಬಳಸದೆ, "ನಿಮ್ಮ ಅಪ್ಪಾರು ಕುಡೀತಾರಂತ ಕೇಳಿದ್ದೆವಲ್ಲವ್ವ?" ಎಂದಳು. ಚಹಾದ ಕಪ್ಪು ನನ್ನ ತುಟಿಯ ಬಳಿಯೇ ನಿಂತಿತು. ಮಹಾದೇವಿ ಎಂದಿನ ಅಭ್ಯಾಸದಿಂದ ಏನೋ ಮುಚ್ಚಿಹಾಕಲು ಬಾಯಿ ತೆರೆದಳು. ಸುವರ್ಣಾ ಬಿಡಲಿಲ್ಲ.

"ಕುಡೀತಿದ್ರು, ಅತ್ತೀ. ಬಿಟ್ಟು ಒಂಬತ್ತು ವರ್ಷ ಆತು. ಅವರು ಎಷ್ಟು ಕಷ್ಟಪಟ್ಟು ಬಿಟ್ರು ಅಂತ ನಾ ಮನ್ಯಾಗೇ ಇದ್ದು ನೋಡೀನಿ. ನಮ್ಮ ಅಪ್ಪನ ಬಗ್ಗೆ ಯಾರರೆ ಕೇಳಿದ್ರ ನಾ ಮದಲ ಹೇಳೂದು ಇದನ್ನೇ."

ಹುಡುಗ ತಲೆ ಎತ್ತಿ ಅವಳನ್ನು ನೋಡಿದ. ಸಂಬಂಧ ಅಲ್ಲಿಯೇ ಗಟ್ಟಿಯಾಯಿತು ಎಂದು ಮಹಾದೇವಿ ಈಗಲೂ ವಾದಿಸುತ್ತಾಳೆ. ಹೊರಡುವಾಗ ಹುಡುಗನ ತಂದೆ ನನ್ನನ್ನು ಅಂಗಳದ ಮೂಲೆಗೆ ಕರೆದು, ಚಪ್ಪಲಿ ಹುಡುಕುವವರಂತೆ ಬಾಗಿ, "ನನ್ನ ತಮ್ಮ ಒಬ್ಬ ಅದಾನ್ರಿ. ಏನ್ ಮಾಡಿದ್ರೂ ಬಿಡವಲ್ಲ. ನೀವು ಬಿಟ್ಟವರೆಲ್ಲ ಕೂಡೂದು ಎಲ್ಲಿರಿ, ಹುಮನಾಬಾದ?" ಎಂದರು.

ಇವತ್ತು ಭಾನುವಾರ. ಹುಮನಾಬಾದಿನ ಬಸ್ಸಿನಲ್ಲಿ ಆ ತಮ್ಮ ನನ್ನ ಪಕ್ಕದಲ್ಲಿ ಕೂತಿದ್ದ. ನಲವತ್ತರ ಆಸುಪಾಸು, ಇಸ್ತ್ರಿ ಅಂಗಿ, ಹೊಸದಾಗಿ ಕ್ಷೌರ ಮಾಡಿಸಿದ ಮುಖ. ರಾಜೇಶ್ವರ ಊರು ದಾಟುವವರೆಗೆ ಕಿಟಕಿಯ ಆಚೆಯೇ ನೋಡುತ್ತಿದ್ದ. ಆಮೇಲೆ ಪಿಸುಗುಟ್ಟಿದ, "ಅಲ್ಲಿ ಏನೇನ್ ಕೇಳ್ತಾರ್ರಿ?"

"ಏನೂ ಕೇಳಂಗಿಲ್ಲ. ಚಾ ಕೊಡ್ತಾರ. ನಮ್ಮ ನಮ್ಮದು ನಾವೇ ಹೇಳ್ತೀವಿ."

"ಏನಂತ?"

ನಮ್ಮ ಮುಂದಿನ ಸೀಟಿನಲ್ಲಿ ನಮ್ಮ ಗಲ್ಲಿಯವರೇ ಇಬ್ಬರು ಕೂತಿದ್ದರು. ಒಬ್ಬರು ಆಗಲೇ ಕಿವಿ ಇತ್ತ ತಿರುಗಿಸಿದ್ದರು.

"ನಾ ಹದಿನಾಕ ವರ್ಷ ಕುಡದೀನ್ರಿ," ಎಂದು ಶುರು ಮಾಡಿದೆ. ದನಿ ತಗ್ಗಿಸಲಿಲ್ಲ.