ಗೆರೆಯ ಬಲಕ್ಕೆ ಒಂದೇ ಸಾಲು

ಕಾನೂನು ಕಾಲೇಜಿನ ಆ ಪ್ರೊಫೆಸರಿಗೆ ಹುಡುಗರು ಇಟ್ಟಿದ್ದ ಹೆಸರು ‘ಎರಡೂ ಕಡೆ’. ಕರಿಹಲಗೆಯ ನಟ್ಟನಡುವೆ ಮೇಲಿಂದ ಕೆಳಕ್ಕೆ ಒಂದು ಗೆರೆ ಎಳೆಯದೆ ಅವರು ಬಾಯಿ ತೆರೆದವರೇ ಅಲ್ಲ. ಎಡಕ್ಕೆ ವಾದಿ, ಬಲಕ್ಕೆ ಪ್ರತಿವಾದಿ. ಪಾಠ ಮುಗಿಯುವಷ್ಟರಲ್ಲಿ ಎರಡೂ ಕಡೆ ಸರಿಸಮ ತುಂಬಿಕೊಂಡು, ನ್ಯಾಯ ಪಾಪ ಗೆರೆಯ ಮೇಲೆ ಒಂಟಿಕಾಲಲ್ಲಿ ನಿಂತಿರುತ್ತಿತ್ತು.

ಈ ಗುಣ ಒಂದು ಕಾಲಕ್ಕೆ ಅವರ ಹೊಟ್ಟೆಯ ಮೇಲೇ ಹೊಡೆದಿತ್ತು. ವಕೀಲರಾಗಿದ್ದ ಏಳು ವರ್ಷಗಳಲ್ಲಿ ಗೆದ್ದದ್ದು ಒಂದೇ ಮೊಕದ್ದಮೆ. ಅಂದು ಎದುರಾಳಿ ಬಂದಿರಲಿಲ್ಲ. ಕೊನೆಯದು ಬೇಕರಿಯವನೊಬ್ಬನ ಕೇಸು. ಎದುರು ವಕೀಲ ಮರೆತೇಬಿಟ್ಟಿದ್ದ ಕಾಗದವೊಂದನ್ನು ಇವರೇ ಎದ್ದು ನಿಂತು ನೆನಪಿಸಿಕೊಟ್ಟರು. ಸೋತು ಹೊರಬಂದ ಬೇಕರಿಯವನು ಸಿಟ್ಟಿಲ್ಲದೆ, ತಿಳಿದುಕೊಳ್ಳುವ ಆಸೆಯಿಂದಲೇ ಕೇಳಿದ: “ಸಾರ್, ನೀವು ಯಾರ ಕಡೆ?”

ಆಮೇಲೆ ಎರಡು ವರ್ಷ ಬಾಡಿಗೆ ತಗಾದೆಗಳ ನ್ಯಾಯಮಂಡಳಿಯಲ್ಲಿ ಕೂತರು. ಅವರ ತೀರ್ಪು ಓದಿದ ಮನೆಯೊಡೆಯನೂ ಬಾಡಿಗೆದಾರನೂ ತಾವೇ ಗೆದ್ದೆವೆಂದು ಖುಷಿಯಾಗಿ ಹೋಗಿ, ಮರುವಾರ ಮತ್ತೆ ಬರುತ್ತಿದ್ದರು. ಕಾಲೇಜಿಗೆ ಸೇರಿದ ಮೇಲಷ್ಟೇ ಈ ರೋಗಕ್ಕೆ ವಿದ್ವತ್ತೆಂಬ ಹೆಸರು ಬಂತು.

ಹೆಂಡತಿ ಕಿವುಡ ಮಕ್ಕಳ ಶಾಲೆಯಲ್ಲಿ ಟೀಚರು. ಫ್ಯಾನು ಹಾಕಲೇ ಎಂದು ಗಂಡನನ್ನು ಕೇಳುವುದನ್ನು ಆಕೆ ಮದುವೆಯಾದ ವರ್ಷವೇ ಬಿಟ್ಟಿದ್ದಳು. ಮುಖ ನೋಡಿ ತಾನೇ ಹಾಕುತ್ತಿದ್ದಳು. ಆದರೆ ಈ ಸಲ ಕೇಳಲೇಬೇಕಾಯಿತು. ರೈಲಿನಲ್ಲಿ ಇಡೀ ಹಗಲು ಹಿಡಿಯುವಷ್ಟು ದೂರದ ಊರಿನಿಂದ, ಅಲ್ಲಿನ ಶಾಲೆಗೆ ಮುಖ್ಯೋಪಾಧ್ಯಾಯಿನಿಯಾಗಿ ಬನ್ನಿ ಎಂದು ಕಾಗದ ಬಂದಿತ್ತು. ಇಪ್ಪತ್ತು ವರ್ಷ ಕಾದಿದ್ದ ಕೆಲಸ. ಇವರ ನಿವೃತ್ತಿಗೋ ಇನ್ನೂ ನಾಲ್ಕು ವರ್ಷವಿತ್ತು.

“ನಾನಂತೂ ಹೋಗ್ತೀನಿ. ನೀವು ಬರ್ತೀರೋ ಇಲ್ವೋ ಶನಿವಾರದೊಳಗೆ ಹೇಳಿ. ಅಲ್ಲಿ ದೊಡ್ಡ ಮನೆ ಹಿಡೀಬೇಕೋ ಚಿಕ್ಕದೋ ಗೊತ್ತಾಗ್ಬೇಕಲ್ಲ.”

“ಒಂದು ಕಡೆಯಿಂದ ನೋಡಿದ್ರೆ...”

“ಇನ್ನೊಂದು ಕಡೆ ನಾನಿದ್ದೀನಿ. ಅಲ್ಲಿಂದಾನೂ ಸ್ವಲ್ಪ ನೋಡಿ,” ಎಂದು ಆಕೆ ಒಗೆದ ಬಟ್ಟೆ ಮಡಿಸತೊಡಗಿದಳು.

ವಾರವೆಲ್ಲ ಪ್ರೊಫೆಸರು ಹಳೆಯ ಕ್ಯಾಲೆಂಡರಿನ ಹಾಳೆಯೊಂದರ ಬೆನ್ನಿಗೆ ಗೆರೆ ಎಳೆದುಕೊಂಡು ಕೂತರು. ಎಡಕ್ಕೆ, ಉಳಿಯಲು ಕಾರಣಗಳು: ಕೂತು ಕೂತು ಹದವಾಗಿ ತಗ್ಗಿದ ಕುರ್ಚಿ, ಗ್ರಂಥಾಲಯದ ಕಿಟಕಿ, ತಮ್ಮ ಮಂಡಿನೋವಿನ ಪೂರ್ವಚರಿತ್ರೆ ಬಲ್ಲ ಡಾಕ್ಟರು. ಹೀಗೆ ಹನ್ನೊಂದಾದವು. ಬಲಕ್ಕೆ, ಹೋಗಲು ಕಾರಣ, ಎಷ್ಟು ತಿಣುಕಿದರೂ ಒಂದೇ ಹೊಳೆಯಿತು: ಅವಳು ಅಲ್ಲಿರುತ್ತಾಳೆ.

ಶನಿವಾರ ಮಧ್ಯಾಹ್ನ ಕಾಲೇಜಿನಿಂದ ಬಂದವರೇ ಹಾಳೆಯನ್ನು ಆಕೆಯ ಮುಂದಿಟ್ಟರು. ಆಕೆ ಕನ್ನಡಕ ಏರಿಸಿ ಎಡವನ್ನೆಲ್ಲ ಓದಿದಳು, ಬಲವನ್ನು ಎರಡು ಸಲ ಓದಿದಳು.

“ಹನ್ನೊಂದಕ್ಕೆ ಒಂದು. ಸೋತ್ರಲ್ಲ, ಪ್ರೊಫೆಸರೇ.”

“ನಾನು ಗೆದ್ದಿದ್ದಾದ್ರೂ ಯಾವಾಗ?” ಎಂದು ಅವರು ಜೇಬಿನಿಂದ ರಾಜೀನಾಮೆಯ ನಕಲು ತೆಗೆದು ಕೊಟ್ಟರು. ಅದರಲ್ಲಿದ್ದದ್ದು ಒಂದೇ ವಾಕ್ಯ. ಇವರದೇ ಬರಹವೋ ಅಲ್ಲವೋ ಎಂದು ಅನುಮಾನಪಟ್ಟ ಪ್ರಿನ್ಸಿಪಾಲರು ಬೆಳಿಗ್ಗೆ ಹಾಳೆ ತಿರುಗಿಸಿ ಹಿಂಬದಿಯನ್ನೂ ನೋಡಿದ್ದರಂತೆ.

ಆಕೆಯೂ ತಿರುಗಿಸಿ ನೋಡಿದಳು. ಖಾಲಿ.

“ಹಾಗಾದ್ರೆ ದೊಡ್ಡ ಮನೇನೇ ಹಿಡೀತೀನಿ,” ಎಂದು ಎದ್ದು ಫ್ಯಾನು ಹಾಕಿದಳು.