ಆ ಕ್ಯಾರವಾನಿನ ನೆಲ ಕೊಳೆತಿರಲಿಲ್ಲ

"ನಿಮ್ಮಂಥೋರ ಮನೆ ಹುಡುಗಿ ಡಿಗ್ರಿ ಮಾಡೋದು ಆಗೋ ಹೋಗೋ ಮಾತಾ?" ಎಂದಿದ್ದವರು ತೋಟದ ಮನೆಯ ಸುಲೋಚನಮ್ಮ. ನಾನು ಡಿಗ್ರಿ ಮಾಡಿದೆ. ಮಾಡಿ, ಆ ಡಿಗ್ರಿಗೆ ನಮ್ಮ ಮನೆಯವರು ಕೊಟ್ಟ ಮರ್ಯಾದೆಯನ್ನೇ ಹಿಡಿದುಕೊಂಡು ನನ್ನ ಒಡಹುಟ್ಟಿದ ಅಕ್ಕನಿಗೆ ಸುಳ್ಳು ಹೇಳಿದೆ. ಸುಲೋಚನಮ್ಮನ ಮನೆಯವರು ಮಾರಲು ಇಟ್ಟಿದ್ದ ಹಳೆಯ ಕ್ಯಾರವಾನಿನ ನೆಲ ಕೊಳೆತಿದೆ ಎಂದೆ. ಕೊಳೆತಿರಲಿಲ್ಲ. ಕಲ್ಲಿನ ಹಾಗೆ ಗಟ್ಟಿಯಿತ್ತು. ಅದು ನನಗೆ ಗೊತ್ತಿತ್ತು.

ಇದನ್ನು ಮೊದಲೇ ಹೇಳಿಬಿಟ್ಟಿದ್ದೇನೆ. ಯಾಕೆಂದರೆ ಮುಂದಿನದನ್ನು ಹೇಳುವಾಗ ನನಗೆ ಸಿಟ್ಟು ಬರುತ್ತದೆ. ಸಿಟ್ಟು ಬಂದಾಗ ನಾನು ನನ್ನ ಪರವಾಗಿಯೇ ವಾದ ಮಾಡುತ್ತೇನೆ. ಆ ವಾದವನ್ನು ನೀವು ನಂಬಬಾರದು.

ನಾವು ಭಂಡಿಗಡಿ ಕಡೆಯ ಕಾಫಿ ತೋಟವೊಂದರ ಲೈನ್ ಮನೆಯವರು. ಲೈನ್ ಮನೆ ಎಂದರೆ ಒಂದೇ ಉದ್ದನೆಯ ಸೂರಿನ ಕೆಳಗೆ ಸಾಲಾಗಿ ಕೋಣೆಗಳು. ಮನೆಯಿಂದ ಒಬ್ಬರಾದರೂ ತೋಟದ ಕೆಲಸಕ್ಕೆ ಹೋಗುವವರೆಗೆ ಅದು ನಿಮ್ಮದು. ಕೆಲಸ ಬಿಟ್ಟ ದಿನ ಪಾತ್ರೆ ಪಗಡ ಅಂಗಳಕ್ಕೆ. ಅಪ್ಪ ಆ ಕೋಣೆಯಲ್ಲೇ ತೀರಿಕೊಂಡ. ಅಮ್ಮನ ಕೈ ಸೋತ ಮೇಲೆ ಅವಳ ಜಾಗಕ್ಕೆ ಅಕ್ಕ ಗಿರಿಜಾ ಹೋದಳು— ಹೋದಳು ಎಂದರೆ ಏನು, ಅವಳು ಮೊದಲಿನಿಂದಲೂ ಅಮ್ಮನ ಜಾಗದಲ್ಲೇ ಇದ್ದಳು. ಅಮ್ಮ ಹಣ್ಣು ಕೊಯ್ಯಲು ಹೋಗುವಾಗ ತೊಟ್ಟಿಲಲ್ಲಿದ್ದ ನನ್ನನ್ನು ನೋಡಿಕೊಳ್ಳಬೇಕಲ್ಲ, ಅದಕ್ಕೆ ಅಕ್ಕ ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು. ನನ್ನ ಬಿ.ಕಾಂ. ಸರ್ಟಿಫಿಕೇಟಿನ ಅಡಿಯಲ್ಲಿ ಅವಳ ಶಾಲೆ ಹೂತುಹೋಗಿದೆ. ಇದನ್ನು ಭಾಷಣದಲ್ಲಿ ಹೇಳಿದರೆ ಚಪ್ಪಾಳೆ ಬೀಳುತ್ತದೆ. ನಾನು ಹೇಳಿದ್ದೂ ಇದೆ. ಚಪ್ಪಾಳೆ ಬಿದ್ದಿದ್ದೂ ಇದೆ.

ತೋಟದ ಮನೆಯಲ್ಲಿ, ಅಂದರೆ ತೋಟದ ಯಜಮಾನರಾದ ಸುಲೋಚನಮ್ಮನವರ ಮನೆಯಲ್ಲಿ, ಒಂದು ಪದ್ಧತಿಯಿತ್ತು. ಪ್ರತಿ ವರ್ಷ ಮಳೆ ಹಿಡಿಯುವ ಮುಂಚೆ ಬೀರು, ಅಟ್ಟ ಎಲ್ಲ ಖಾಲಿ ಮಾಡಿ, ಹಿತ್ತಲ ಬಾಗಿಲಿಗೆ ಆಳುಗಳ ಮನೆಯವರನ್ನು ಕರೆಯುತ್ತಿದ್ದರು. ಹಳೇ ಸೀರೆ, ಬಣ್ಣ ಬಿಟ್ಟ ಅಂಗಿ, ಹಿಡಿ ಮುರಿದ ಕುಕ್ಕರ್. ತೆಗೆದುಕೊಂಡರೆ ಮುಗಿಯುತ್ತಿರಲಿಲ್ಲ. ಮಾರನೆಯ ದಿನ ಅದನ್ನು ಹಾಕಿಕೊಂಡು ಅವರ ಅಂಗಳದಲ್ಲಿ ಒಮ್ಮೆ ಹಾದು ಬರಬೇಕು. ಯಾರೂ ಬಾಯಿಬಿಟ್ಟು ಹೇಳಿದ ನಿಯಮವಲ್ಲ. ಆದರೆ ಹಾದು ಬರದಿದ್ದವರಿಗೆ ಮರುವರ್ಷ ಕರೆ ಬರುತ್ತಿರಲಿಲ್ಲ. "ಹೋಗಿ ಒಂದ್ಸಲ ಕಾಣಿಸ್ಕೊಂಡು ಬಾ ಮಗಾ," ಎಂದು ಅಮ್ಮ ನನ್ನನ್ನು ಕಳಿಸುತ್ತಿದ್ದಳು. ಸುಲೋಚನಮ್ಮ ಜಗಲಿಯಿಂದಲೇ "ಓ, ಅಳತೆ ಮಾಡಿ ಹೊಲಿಸಿದಂಗೆ ಆಯ್ತಲ್ಲೇ!" ಎನ್ನುತ್ತಿದ್ದರು. ನಾನು ನಗುತ್ತಿದ್ದೆ. ನಕ್ಕೆನಲ್ಲ— ಅದೇ ಇವತ್ತಿಗೂ ಉರಿಯುತ್ತದೆ.

ಕಾಲೇಜಿನ ಪುಸ್ತಕಗಳೂ ಅಲ್ಲಿಂದಲೇ ಬಂದವು, ಅವರ ಮಗ ಓದಿ ಬಿಟ್ಟವು. ಪುಟಪುಟದಲ್ಲೂ ಅವನ ಹೆಸರು. ನರಸಿಂಹರಾಜಪುರಕ್ಕೆ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ಬಂದು, ಇನ್ನೊಬ್ಬನ ಹೆಸರಿನ ಪುಸ್ತಕದಲ್ಲಿ ಓದಿ ಪಾಸಾದೆ. ಕೊಪ್ಪದಲ್ಲಿ ಕೆಲಸ ಹಿಡಿದೆ. ಅಮ್ಮನನ್ನು ಕರೆದುಕೊಂಡು ಬಂದು ಬಾಡಿಗೆ ಮನೆ ಮಾಡಿದೆ. ಮೊದಲ ಸಂಬಳದಲ್ಲಿ ಒಂದು ಶಪಥವನ್ನೂ ಮಾಡಿದೆ— ಇನ್ನು ನಮ್ಮ ಮನೆಗೆ ಹಳೆಯದು ಬರಬಾರದು. ಏನೂ. ಒಂದು ಚಮಚವೂ.

ಇನ್ನು ಕ್ಯಾರವಾನಿನ ವಿಷಯ.

ಅದು ಅಕ್ಕನ ಗಂಡ ನಾಗೇಶ ಭಾವನ ಕನಸು. ಭಾವನದು ಜೀಪು, ಶೃಂಗೇರಿಗೆ ಬರುವ ಜನರನ್ನು ಬೆಟ್ಟ, ಜಲಪಾತ ಎಂದು ಸುತ್ತಿಸುವ ಕೆಲಸ. ರಜೆ ಬಂತೆಂದರೆ ಶೃಂಗೇರಿಯಲ್ಲಿ ರೂಮು ಸಿಗದೆ, ವಯಸ್ಸಾದವರನ್ನೂ ಕಾರಿನಲ್ಲೇ ಮಲಗಿಸುವವರನ್ನು ಅವನು ನೋಡಿದ್ದ. ಒಂದು ಸಲ ಯಾರೋ ಕಾರಿನ ಹಿಂದೆ ಪುಟ್ಟ ಮನೆಯನ್ನೇ ಕಟ್ಟಿಕೊಂಡು ಬಂದಿದ್ದರಂತೆ. ಮಂಚ, ಒಲೆ, ಕಿಟಕಿಗೆ ಪರದೆ. ಭಾವ ಮೂರು ದಿನ ಅದನ್ನೇ ಮಾತಾಡಿದ. "ನಮ್ಮ ಜೀಪಿಗೂ ಒಂದು ಕಟ್ಟಿದ್ರೆ ಹೆಂಗೆ ಮಾರಾಯ್ತಿ? ಶೃಂಗೇರಿ ಹತ್ರ ಅಡ್ಡಗದ್ದೇಲಿ ನಮ್ಮ ಗೆಳೆಯನ ಗದ್ದೆ ಬದಿಗೆ ನಿಲ್ಸಿದ್ರೆ ಆಯ್ತು. ಗಿರಿಜಾ ಕಡುಬು ಮಾಡಿ ಕೊಟ್ರೆ ಜನ ವಾಪಸ್ ಹೋಗೋದೇ ಇಲ್ಲ ನೋಡು."

"ಕಡುಬು ತಿಂದ್ಮೇಲೆ ನಿನ್ನ ಜೀಪು ಎಳೀಬೇಕಲ್ಲ," ಎಂದಳು ಅಕ್ಕ. ಆದರೆ ಅವಳ ಕಣ್ಣು ಮಿಂಚಿತ್ತು.

ಹೊಸದೋ, ಹಳೆಯದೋ? ಅಲ್ಲಿಂದ ಶುರುವಾಯಿತು. ಹೊಸದಾದರೆ ದೂರದ ಊರಿನಲ್ಲಿ ಹೇಳಿ ಕಟ್ಟಿಸಬೇಕು, ಕಾಯಬೇಕು. ಆದರೆ ಗ್ಯಾರಂಟಿ ಇರುತ್ತದೆ. ಹಳೆಯದಾದರೆ ಕೈಗೆಟುಕುವ ಬೆಲೆ, ನಾಳೆಯೇ ರಸ್ತೆಗೆ ಇಳಿಸಬಹುದು. ಆದರೆ ಒಳಗೆ ಎಲ್ಲಿ ನೀರು ಕುಡಿದಿದೆಯೋ ಯಾರಿಗೆ ಗೊತ್ತು. ಕ್ಯಾರವಾನನ್ನು ಕೊಲ್ಲುವುದು ಓಟವಲ್ಲ, ತೇವ. ಕಿಟಕಿಯ ರಬ್ಬರಿನ ಸಂದಿಯಿಂದ ಇಳಿದ ನೀರು ಗೋಡೆಯೊಳಗೇ ಕೂತು, ನೆಲದ ಹಲಗೆಯನ್ನು ತಿನ್ನುತ್ತದೆ, ಮೇಲಿನಿಂದ ಕಾಣುವುದಿಲ್ಲ. ನಮ್ಮ ಮಳೆಗೆ ಕೇಳಬೇಕೆ? ಇದನ್ನೆಲ್ಲ ನಾನು ಮೊಬೈಲಿನಲ್ಲಿ ನೋಡಿ, ಓದಿ ತಿಳಿದುಕೊಂಡೆ. ಅಕ್ಕನಿಗೂ ಕಲಿಸಿದೆ: ಬಾಗಿಲ ಹತ್ತಿರ, ಮೂಲೆಗಳಲ್ಲಿ ಹಿಮ್ಮಡಿ ಊರಿ ನೋಡಬೇಕು. ಮೆತ್ತಗೆ ಒಳಗೆ ಹೋದರೆ ಕೊಳೆತಿದೆ ಎಂದು ಅರ್ಥ.

ಹೊಸದು ಕೊಳ್ಳಬೇಕಾದರೆ ಒಂದೇ ದಾರಿ. ನರಸಿಂಹರಾಜಪುರದ ಹೊರಗೆ ಅಕ್ಕ–ಭಾವ ಒಂದು ಸೈಟು ಮಾಡಿದ್ದರು. ಲೈನ್ ಮನೆ ಬಿಟ್ಟು ಹೋಗಲು. ತಳಪಾಯಕ್ಕೆಂದು ಕಲ್ಲು ಕೂಡ ಇಳಿಸಿದ್ದರು. ಅಕ್ಕ ಅಲ್ಲೊಂದು ಕರಿಬೇವಿನ ಗಿಡ ನೆಟ್ಟು, ಬಸ್ಸು ಹತ್ತಿ ಹೋಗಿ ನೀರು ಹಾಕಿ ಬರುತ್ತಿದ್ದಳು. ಹೊಸದು ಬೇಕೆಂದರೆ ಆ ಸೈಟು ಹೋಗಬೇಕು. ಹಳೆಯದಾದರೆ ಸೈಟು ಉಳಿಯುತ್ತದೆ. ಇಷ್ಟು ಸರಳ. ನನಗೂ ಇಷ್ಟು ಸರಳವಾಗಿಯೇ ಗೊತ್ತಿತ್ತು.

ಆಗಲೇ ತಿಳಿದದ್ದು, ಸುಲೋಚನಮ್ಮನ ಮಗ ತಂದಿಟ್ಟುಕೊಂಡಿದ್ದ ಕ್ಯಾರವಾನು ಮಾರಾಟಕ್ಕಿದೆ ಎಂದು. ಎರಡು ಪ್ರವಾಸ ಹೋಗಿ ಬಂದು ಅವನಿಗೆ ಬೇಜಾರಾಗಿತ್ತಂತೆ. "ನೀನೇ ಹೋಗಿ ನೋಡಿ ಬಾರೇ," ಎಂದ ಭಾವ. "ನಂಗೆ ಆ ಮನೆಯೋರ ಎದುರು ಬಾಯೇ ಬರೋದಿಲ್ಲ."

ಹೋದೆ. ಕಾರಿನ ಶೆಡ್ಡಿನಲ್ಲಿ ಬೆಚ್ಚಗೆ ನಿಂತಿತ್ತು. ಮೂಲೆಮೂಲೆಗೆ ಹಿಮ್ಮಡಿ ಊರಿದೆ. ಗೋಡೆ ಬಡಿದೆ. ಬೀರುಗಳೊಳಗೆ ತಲೆ ಹಾಕಿ ಮೂಸಿದೆ, ಬೂಸಲಿನ ವಾಸನೆ ಇರಲಿಲ್ಲ. ಪೈಪು ಹಿಡಿದು ಸೂರಿನ ಮೇಲೆ ನೀರು ಬಿಟ್ಟೆ. ಒಂದು ಹನಿ ಒಳಗೆ ಬರಲಿಲ್ಲ. ಒಳ್ಳೆಯ ಗಾಡಿ. ಕೊಳ್ಳಲೇಬೇಕಾದ ಗಾಡಿ. ಫೋನು ಕೈಗೆ ತೆಗೆದುಕೊಂಡಿದ್ದೆ, ಭಾವನಿಗೆ ಹೇಳಲು.

ಸುಲೋಚನಮ್ಮ ಹಿತ್ತಲ ಕಟ್ಟೆಗೆ ಕಾಫಿ ತಂದಿಟ್ಟರು. ಹಿತ್ತಲ ಕಟ್ಟೆಗೇ. ಗಾಡಿಯನ್ನೂ ನನ್ನನ್ನೂ ಒಮ್ಮೆ ನೋಡಿ ನಕ್ಕರು.

"ನಮ್ಮನೇಲಿ ಹಳೇದಾದ್ದು ನಿಮ್ಮನೇಲಿ ಹೊಸದು, ಅಲ್ದನೇ ಶೈಲಾ? ನಿನ್ನ ಡಿಗ್ರಿನೂ ನಮ್ಮ ಹುಡುಗ ಓದಿ ಬಿಟ್ಟ ಪುಸ್ತಕದಲ್ಲೇ ಆಗಿದ್ದಲ್ದಾ. ತಗೊಂಡ್ಮೇಲೆ ಒಂದ್ಸಲ ಜೀಪಿಗೆ ಕಟ್ಕೊಂಡು ನಮ್ಮ ಅಂಗಳಕ್ಕೆ ಬನ್ನಿ ಮತ್ತೆ. ಹೆಂಗೆ ಕಾಣ್ಸುತ್ತೆ ನೋಡ್ಬೇಕು."

ಅಣಕವಲ್ಲ. ಅದನ್ನು ಒಪ್ಪಿಕೊಳ್ಳುತ್ತೇನೆ. ಅವರಿಗೆ ನಿಜವಾಗಿಯೂ ಖುಷಿಯಾಗಿತ್ತು. ಅದೇ ನನಗೆ ಇನ್ನೂ ಸಹಿಸಲಾಗದ್ದು— ನನ್ನ ಡಿಗ್ರಿಯೂ ಅವರು ಹಿತ್ತಲ ಬಾಗಿಲಲ್ಲಿ ಕೊಟ್ಟ ಒಂದು ಹಳೇ ಅಂಗಿ! ಇಡೀ ಕ್ಯಾರವಾನನ್ನೇ ಎಳೆದುಕೊಂಡು, ಅಕ್ಕ–ಭಾವನನ್ನೂ ಕೂರಿಸಿಕೊಂಡು ಹೋಗಿ ಆ ಅಂಗಳದಲ್ಲಿ ಹಾದು ಬರಬೇಕು ನಾವು. ಕಾಣಿಸಿಕೊಂಡು ಬರಬೇಕು. ಕಾಫಿ ಮುಟ್ಟದೆ ಎದ್ದುಬಂದೆ.

ಲೈನ್ ಮನೆ ಅಲ್ಲಿಂದ ಕೂಗಳತೆ. ಆ ನಡಿಗೆಯಲ್ಲಿ ಮನಸ್ಸು ಬದಲಿಸಬಹುದಿತ್ತು. ಬದಲಿಸಲಿಲ್ಲ.

"ಬೇಡ ಭಾವ," ಎಂದೆ. "ಬಾಗಿಲ ಹತ್ರ ನೆಲ ಮೆತ್ತಗಾಗಿದೆ. ಒಳಗೆಲ್ಲ ಕೊಳೆತಿದೆ."

"ಹೌದನಾ? ಮೇಲಿಂದ ಲಕಲಕ ಅಂತಿತ್ತಲ್ಲೇ!"

"ಕೊಳೆತದ್ದು ಮೇಲಿಂದ ಕಾಣಲ್ಲ."

ಭಾವ ಇನ್ನೊಮ್ಮೆ ನೋಡಿ ಬರಲೇ ಎಂಬಂತೆ ಅಕ್ಕನ ಮುಖ ನೋಡಿದ. ಅಕ್ಕ ಮೀನು ತೊಳೆಯುತ್ತಿದ್ದಳು. ತಲೆ ಎತ್ತದೆ ಹೇಳಿದಳು: "ಓದಿದೋಳು ನೋಡಿ ಹೇಳ್ತಿದಾಳೆ ಅಂದ್ಮೇಲೆ ಮುಗೀತು. ಮತ್ತೆ ನಾವು ಹೋಗಿ ನೋಡಿದ್ರೆ ಅವಳಿಗೆ ಅವಮಾನ."

ಸೈಟು ಹೋಯಿತು. ಕಲ್ಲಿನ ರಾಶಿಯೂ ಅದರ ಜೊತೆಗೇ ಹೋಯಿತು. ಕರಿಬೇವಿನ ಗಿಡವನ್ನು ಅಕ್ಕ ಬೇರುಸಹಿತ ಕಿತ್ತು ತಂದು, ಪೇಂಟಿನ ಡಬ್ಬಿಯಲ್ಲಿ ಲೈನ್ ಮನೆಯ ಎದುರಿಗೆ ಇಟ್ಟಳು. ಹೊಸ ಕ್ಯಾರವಾನು ಬಂತು. ನೋಂದಣಿ ಮಾಡಿಸುವಾಗ ಮಾಲೀಕರ ಹೆಸರು ನನ್ನದಾಯಿತು. ಹೇಗೆ? "ನಾಳೆ ಪೊಲೀಸರು, ಆಫೀಸಿನೋರು ಕೇಳಿದ್ರೆ ನಿಂಗೆ ಉತ್ತರ ಕೊಡೋಕೆ ಬರುತ್ತಾ ಅಕ್ಕ?" ಎಂದು ನಾನೇ ಕೇಳಿದ್ದೆ. ಬರೋದಿಲ್ಲ ಎಂದಳು. ನೆಲ ಅವಳದು ಹೋಯಿತು, ಹೆಸರು ನನ್ನದು ಬಿತ್ತು. ಸುಲೋಚನಮ್ಮ ಹೀಗೆ ಮಾಡಿದ್ದರೆ ನಾನು ಊರೆಲ್ಲ ಹೇಳಿಕೊಂಡು ಬರುತ್ತಿದ್ದೆ.

ಗಾಡಿ ಚೆನ್ನಾಗಿಯೇ ಓಡುತ್ತಿದೆ. ಇದೂ ನನ್ನ ಬಾಯಿ ಮುಚ್ಚಿಸಿತು. "ಶೈಲಾ ಹೇಳಿದಂಗೆ ಹೊಸದೇ ತಗೊಂಡಿದ್ದು ಒಳ್ಳೇದಾಯ್ತು," ಎಂದು ಭಾವ ಎಲ್ಲರ ಎದುರು ಹೇಳುವಾಗ ನಾನು ತಲೆಯಾಡಿಸುತ್ತಿದ್ದೆ. ಮೂರು ವರ್ಷ ತಲೆಯಾಡಿಸಿದೆ. ಅಷ್ಟೂ ವರ್ಷ ಅಕ್ಕ ಅದೇ ಲೈನ್ ಮನೆಯಲ್ಲಿ, ಅದೇ ತೋಟದಲ್ಲಿ. ಆ ಮನೆಯ ಮೇಲಿನ ನನ್ನ ಸಿಟ್ಟು ನನ್ನ ಅಕ್ಕನನ್ನು ಆ ಮನೆಗೇ ಕಟ್ಟಿಹಾಕಿತು. ಈ ವರ್ಷ ಮಳೆಗೆ ಮುಂಚೆ ಅಕ್ಕನ ಮಗಳು ಯಾರದೋ ಹಳೇ ಚೂಡಿದಾರ ಹಾಕಿಕೊಂಡು ಆ ಅಂಗಳದಲ್ಲಿ ಹಾದು ಬಂದಳು. ನಾನು ಅಲ್ಲೇ ಇದ್ದೆ. ಕಾಣಿಸಿಕೊಂಡು ಬಂದಳು, ನಗುತ್ತ.

ಅದಾದ ಸ್ವಲ್ಪ ದಿನಕ್ಕೆ ಶೃಂಗೇರಿಯಲ್ಲಿ, ನಮ್ಮ ಗಾಡಿಯ ಪಕ್ಕದಲ್ಲೇ ಆ ಹಳೆಯ ಕ್ಯಾರವಾನು ಬಂದು ನಿಂತಿತು. ಹರಿಹರಪುರದ ಹೋಟೆಲಿನವರೊಬ್ಬರು ಕೊಂಡಿದ್ದರಂತೆ. ಅಕ್ಕ ಅವರ ಮನೆಯಾಕೆಯೊಂದಿಗೆ ಮಾತಾಡುತ್ತ ಒಳಗೆ ಹತ್ತಿದಳು. ಬಾಗಿಲ ಹತ್ತಿರ ನಿಂತು, ನಾನು ಕಲಿಸಿದ ಹಾಗೆಯೇ, ಹಿಮ್ಮಡಿ ಊರಿದಳು. ಒಮ್ಮೆ. ಸರಿದು ನಿಂತು ಇನ್ನೊಮ್ಮೆ.

ಕೆಳಗಿಳಿದು ಬಂದು, "ಇದು ಗಟ್ಟಿ ಇದ್ಯಲ್ಲೇ ಶೈಲಾ?" ಎಂದಳು.

"ರಿಪೇರಿ ಮಾಡಿಸಿರ್ತಾರೆ ಬಿಡು," ಎಂದೆ.

ಎರಡನೆಯ ಸುಳ್ಳು. ಮೊದಲನೆಯದನ್ನು ಸಿಟ್ಟಿನಲ್ಲಿ ಹೇಳಿದೆ ಎಂದುಕೊಳ್ಳಬಹುದು. ಇದಕ್ಕೆ? ಇದಕ್ಕೆ ಸುಲೋಚನಮ್ಮ ಕಾರಣರಲ್ಲ, ಹಿತ್ತಲ ಬಾಗಿಲು ಕಾರಣವಲ್ಲ. ಅಕ್ಕ ನನ್ನನ್ನು ಸ್ವಲ್ಪ ಹೊತ್ತು ನೋಡಿ, "ಇರಬೋದು," ಎಂದು ಪಾತ್ರೆ ತೊಳೆಯಲು ಹೋದಳು. ಆ ನೋಟ—

ನಿಜ ಹೇಳುವ ಮೊದಲು ಆಗಬೇಕಾದ ಕೆಲಸ ಮಾಡಿದೆ. ನೋಂದಣಿ ಕಚೇರಿಗೆ ಅಲೆದು ಮಾಲೀಕರ ಹೆಸರು ಅಕ್ಕನದಾಗುವಂತೆ ಮಾಡಿದೆ. ಸಹಿ ಬೇಕಾದಾಗ "ಗಾಡಿ ಕಾಗದ" ಎಂದಷ್ಟೇ ಹೇಳಿದೆ. ಏನು ಎತ್ತ ಎಂದು ಕೇಳದೆ ಸಹಿ ಹಾಕಿದಳು. ಅದೂ ನನಗೆ ಚುಚ್ಚಿತು. ಹೊಸ ನೋಂದಣಿ ಸರ್ಟಿಫಿಕೇಟು ಕೈಗೆ ಬಂದ ಭಾನುವಾರ ಲೈನ್ ಮನೆಗೆ ಹೋದೆ. ಅಕ್ಕ ಗಾಡಿ ತೊಳೆಯುತ್ತಿದ್ದಳು. ಭಾವ ಚಕ್ರದ ಹತ್ತಿರ ಕೂತಿದ್ದ. ನಿಂತಲ್ಲೇ ಎಲ್ಲ ಹೇಳಿದೆ— ನೆಲ ಗಟ್ಟಿಯಿದ್ದದ್ದು, ಸುಲೋಚನಮ್ಮ ಅಂದದ್ದು, ನಾನು ಅಂದದ್ದು, ಶೃಂಗೇರಿಯಲ್ಲಿ ಮತ್ತೆ ಅಂದದ್ದು. ಭಾವ ಎದ್ದು ತೋಟದ ಕಡೆಗೆ ನಡೆದುಹೋದ. ಕ್ಷಮಿಸು ಎನ್ನಲಿಲ್ಲ ನಾನು. ಆ ಮಾತಿಗೆ ಪ್ರತಿಯಾಗಿ ಅಕ್ಕ ಏನಾದರೂ ಕೊಡಬೇಕಾಗುತ್ತದೆ; ಅವಳಿಂದ ತೆಗೆದುಕೊಂಡದ್ದು ಸಾಕು.

ಸರ್ಟಿಫಿಕೇಟನ್ನು ಮುಂದೆ ಹಿಡಿದೆ. "ಇನ್ನು ಇದು ನಿನ್ನ ಹೆಸರಲ್ಲಿದೆ ಅಕ್ಕ."

ಅಕ್ಕ ಕೈ ಒರೆಸಿಕೊಂಡು ತೆಗೆದುಕೊಂಡಳು. ಇಂಗ್ಲಿಷಿನ ಅಕ್ಷರಗಳು. ಆ ಕಡೆ ತಿರುಗಿಸಿದಳು, ಈ ಕಡೆ ತಿರುಗಿಸಿದಳು. ಸೆರಗಿಗೆ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ನನ್ನ ಹೆಸರಿದೆ ಅಂತ ನೀನು ಹೇಳ್ತಿದೀಯ," ಎಂದಳು. "ಇರ್ಲಿ. ಬೇರೆ ಯಾರ ಹತ್ರನಾದ್ರೂ ಓದಿಸಿ ನೋಡ್ತೀನಿ."