ಕಾಕುವಿನ ಹೆಪ್ಪು

ಗೋಕಾಕದಲ್ಲಿ ಕೊಂಡ ಮುಲಾಮಿನ ಮುಚ್ಚಳವನ್ನು ಬಸ್ಸಿನಲ್ಲೇ ತೆಗೆದೆ. ಡಾಂಬರಿನ ವಾಸನೆ ಗಪ್ಪೆಂದು ಮೂಗಿಗೆ ಹೊಡೆಯಿತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಮುಖ ತಿರುಗಿಸಿ ಕಿಟಕಿಯ ಗಾಜು ಸರಿಸಿದಳು. ನಾನು ಮುಚ್ಚಳ ಹಾಕುವುದನ್ನೂ ಮರೆತು ಕೂತೆ. ಇದೇ ವಾಸನೆಯ ಒಬ್ಬಾಕೆ ನಮ್ಮ ಓಣಿಯಲ್ಲಿ ಇದ್ದಳು... ಕಲ್ಲೋಳಿಯಲ್ಲಿ, ನಮ್ಮ ಗೋಡೆಗೆ ಗೋಡೆ ಹಚ್ಚಿದ ಮನೆಯಲ್ಲಿ. ನಾವು ಆಕೆಯನ್ನು ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆವು. ಮೈಮೇಲೆ ಕಲೆ ಎದ್ದು ಇಂಥದೇ ಮುಲಾಮು ಹಚ್ಚತೊಡಗಿದ ಮೇಲೆ ಓಣಿಯ ಹುಡುಗರು ಡಾಂಬರ್ ಕಾಕು ಎಂದರು. ದೊಡ್ಡವರು ಕೇಳಿ ನಕ್ಕರು.

ಕಾಕುವಿನ ಎಮ್ಮೆಯ ಹಾಲಿನ ಮೊಸರನ್ನು ಚಮಚದಿಂದ ತೆಗೆದರೆ ಚಾಕುವಿನಿಂದ ಕೊಯ್ದ ಹಾಗೆ ನಿಲ್ಲುತ್ತಿತ್ತು. ಓಣಿಯಲ್ಲಿ ಯಾರ ಮನೆಯ ಮೊಸರು ಲೋಳೆಯಾದರೂ, ಹುಳಿ ಬಂದರೂ, ಬಟ್ಟಲು ಹಿಡಿದು ಹೋಗುತ್ತಿದ್ದುದು ಆಕೆಯ ಬಾಗಿಲಿಗೆ. ‘ಕಾಕು, ಚೂರು ಹೆಪ್ಪ ಕೊಡ್ರಿ’ ಎಂದರೆ ಸಾಕು. ದೀಪ ಹಚ್ಚಿದ ಮೇಲೆ ಮನೆಯ ಹೆಪ್ಪು ಹೊರಗೆ ಹೋಗಬಾರದೆಂದು ನಮ್ಮಲ್ಲಿ ನಂಬಿಕೆ. ಆಕೆ ಬಟ್ಟಲಿಗೆ ಒಂದು ಹಸಿಮೆಣಸಿನಕಾಯಿ ಹಾಕಿ ಆ ನಂಬಿಕೆಯ ಬಾಯಿ ಮುಚ್ಚಿಸಿ ಕೊಟ್ಟುಬಿಡುತ್ತಿದ್ದಳು. ಹೀಗೆ ಒಂದೊಂದೇ ಮನೆ ಎನ್ನುತ್ತ ಇಡೀ ಓಣಿಯ ಗಡಿಗೆಗಳಲ್ಲಿ ಇದ್ದದ್ದು ಕಾಕುವಿನದೇ ಮೊಸರು.

ಆಮೇಲೆ ಮೊಣಕೈಯಲ್ಲಿ ಕೆಂಪು ಕಲೆ ಎದ್ದಿತು. ಅದರ ಮೇಲೆ ಬಿಳಿ ಹೊಟ್ಟು. ಮುಂಗೈಗೆ ಇಳಿಯಿತು, ತಲೆಗೆ ಏರಿತು. ಯಾರೋ ಗಜಕರ್ಣ ಎಂದರು, ಯಾರೋ ಅದಕ್ಕಿಂತ ಕೆಟ್ಟ ಹೆಸರು ಹೇಳಿದರು. ಬಟ್ಟಲು ಹಿಡಿದು ಬರುವವರು ನಿಂತರು. ಯಾರೂ ಜಗಳಾಡಲಿಲ್ಲ, ಯಾರೂ ಬಯ್ಯಲಿಲ್ಲ. ನಮ್ಮ ಮಂದಿ ಬಹಳ ಸಭ್ಯರು. ಸುಮ್ಮನೆ ಬರುವುದನ್ನು ಬಿಟ್ಟರು, ಅಷ್ಟೇ. ತಮ್ಮ ತಮ್ಮ ಗಡಿಗೆಯಲ್ಲಿರುವುದು ಅದೇ ಕೈಯಿಂದ ಬಂದದ್ದೆಂದು ಒಬ್ಬರೂ ಚೆಲ್ಲಲಿಲ್ಲ. ಅಷ್ಟು ಗಟ್ಟಿ ಮೊಸರನ್ನು ಚೆಲ್ಲುವ ಹುಚ್ಚರು ಯಾರಿದ್ದಾರೆ?

ಹುಕ್ಕೇರಿ ಕಡೆಯ ಔಷಧಿ ಕೊಡುವವನೊಬ್ಬ ಪಥ್ಯ ಹೇಳಿದ. ಮೊಸರು ಬೇಡ, ಮಜ್ಜಿಗೆ ಬೇಡ, ಬದನೆಕಾಯಿ ಬೇಡ, ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ ಬೇಡ. ಬೆಳಗಾವಿ ಸೀಮೆಯ ಹೆಂಗಸಿಗೆ ಇಷ್ಟು ಬೇಡವಾದರೆ ತಾಟಿನಲ್ಲಿ ಉಳಿಯುವುದೇನು? ಬರೀ ರೊಟ್ಟಿ, ಸಪ್ಪೆ ಬೇಳೆ. ಆಕೆ ವರ್ಷಗಟ್ಟಲೆ ಅದನ್ನೇ ಉಂಡಳು. ಗಂಡನಿಗೆ ಮೊಸರು ಬಡಿಸಿ ತಾನು ಬೆರಳು ಕೂಡ ನೆಕ್ಕದೆ ಕೈ ತೊಳೆಯುತ್ತಿದ್ದಳು. ಕಲೆಗಳು ಮಾತ್ರ ಎಲ್ಲಿದ್ದವೋ ಅಲ್ಲೇ ಇದ್ದವು.

ನಾನಾಗ ಗೋಕಾಕದ ಕಾಲೇಜಿಗೆ ದಿನಾಲೂ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಕಾಕುವಿನ ಎಮ್ಮೆ ಬತ್ತಿ ಬಹಳ ದಿನವಾಗಿ, ಮನೆಯಲ್ಲಿ ಮೊಸರಿನ ಹನಿಯೂ ಇಲ್ಲದಂತಾಗಿತ್ತು. ಅಂತೂ ಎಮ್ಮೆ ಈದಿತು. ಮೊದಲಾದರೆ ಓಣಿಗೆಲ್ಲ ಗಿಣ್ಣ ಹಂಚುತ್ತಿದ್ದಳು, ಈ ಸಲ ಹಂಚಲು ಹೋಗಲಿಲ್ಲ. ಗಿಣ್ಣದ ಹಾಲು ಮುಗಿದ ಮೇಲೆ ಒಂದು ಮುಂಜಾನೆ ಸ್ಟೀಲ್ ಬಟ್ಟಲು ಹಿಡಿದು ನಮ್ಮ ಬಾಗಿಲಲ್ಲಿ ನಿಂತಳು. ಹೊಸ್ತಿಲು ದಾಟಲಿಲ್ಲ. ಸೆರಗಿನಿಂದ ಮುಂಗೈ ಮುಚ್ಚಿಕೊಂಡಿದ್ದಳು.

‘ತಂಗೀ, ಒಂದ್ ಚಮಚ ಹೆಪ್ಪ ಕೊಡವಾ. ಹಾಲು ಕಾಸಿಟ್ಟು ಬಂದೇನಿ.’

‘ಇಲ್ಲ ನೋಡಬೇ ಯಕ್ಕಾ’ ಅಂದಳು ನಮ್ಮವ್ವ. ‘ಬೆಕ್ಕ ಬಾಯಿ ಹಾಕಿತ್ತು, ಎಲ್ಲಾ ಚೆಲ್ಲಿಬಿಟ್ಟೆ.’

ಅವ್ವನ ತಲೆಯ ಮೇಲೆಯೇ ನೆಲುವಿನಲ್ಲಿ ಗಡಿಗೆ ತೂಗುತ್ತಿತ್ತು. ಕಾಕು ಅದನ್ನು ನೋಡಿದಳು. ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು ಎಂದು ನನಗೆ ಇವತ್ತಿಗೂ ಅನ್ನಿಸುತ್ತದೆ.

‘ಇರ್ಲಿ ಬಿಡವಾ. ಅದ್ರಾಗ ಇರೂದೂ ನಂದ ಐತಿ. ಜ್ವಾಪಾನ ಮಾಡಿ ಇಟ್ಕೋ, ಖರೇನ ಬೆಕ್ಕ ಬಾಯಿ ಹಾಕೀತು.’

ಬಟ್ಟಲು ಹಿಡಿದು ಮುಂದಿನ ಮನೆಗೆ ಹೋದಳು. ಅಲ್ಲಿಂದ ಅದರ ಮುಂದಿನ ಮನೆಗೆ... ಖಾಲಿ ಬಟ್ಟಲಿನೊಂದಿಗೇ ತಿರುಗಿ ಬಂದದ್ದನ್ನು ನಾನು ಕಂಡೆ. ಯಾಕೆ ಸುಳ್ಳು ಹೇಳಿದಿ ಎಂದು ಅವ್ವನ ಮೇಲೆ ಹರಿಹಾಯ್ದೆ. ‘ನಿನ್ನ ಲಗ್ನ ಆಗಬೇಕಲ್ಲ? ಆಕಿ ಕೂಡ ಕೊಡು ತಗೋ ಐತಿ ಅಂದ್ರ ಯಾರ ಬರ್ತಾರ ನಮ್ಮ ಮನಿಗಿ?’ ಅಂದಳು ಅವ್ವ. ಕಾಕು ಆ ಹಾಲಿಗೆ ಹುಣಸೆಹಣ್ಣು ಹಾಕಿ ನೋಡಿದಳಂತೆ. ಹಾಲು ಒಡೆಯಿತು. ಮುಂದೆ ಆ ಮನೆಯಲ್ಲಿ ಹೆಪ್ಪು ಹಾಕಿದ್ದು ನನಗೆ ನೆನಪಿಲ್ಲ. ಹಾಲನ್ನೆಲ್ಲ ಡೇರಿಗೆ ಹಾಕತೊಡಗಿದರು. ಡೇರಿಯ ಕ್ಯಾನಿನಲ್ಲಿ ಯಾರ ಹಾಲೆಂದು ಯಾರೂ ಕೇಳುವುದಿಲ್ಲ.

ನನ್ನ ಲಗ್ನ ಆಯಿತು, ಹುಕ್ಕೇರಿಗೆ ಬಂದೆ. ಕಾಕು ಹೋದಾಗ ಮಣ್ಣಿಗೆ ಹೋಗಿದ್ದೆ. ಸೂತಕವೇ ಇಲ್ಲ ಎಂದು ಎದೆಯ ಮೇಲೆ ಲಿಂಗ ಕಟ್ಟಿಕೊಂಡು ಹೇಳುವ ನಮ್ಮ ಮಂದಿ, ಅವತ್ತು ಮನೆಗೆ ಬಂದು ಡೆಟಾಲ್ ಹಾಕಿಕೊಂಡು ಮೈ ತೊಳೆದರು.

ಈಗ ಅದೇ ಕಲೆಗಳು ನನ್ನ ಮೊಣಕೈಯಲ್ಲಿ. ಸೋರಿಯಾಸಿಸ್ ಎಂದರು ಗೋಕಾಕದ ಚರ್ಮದ ಡಾಕ್ಟರು. ಮೊಸರು ಬಿಡಬೇಕೇನ್ರಿ ಎಂದು ಕೇಳಿದೆ. ಆ ಡಾಕ್ಟರ್ ಹುಡುಗಿ ನಕ್ಕಳು.

‘ಯಾಕ ಬಿಡ್ತೀರಿ? ಹೊಟ್ಟಿಯೊಳಗಿನ ಸೂಕ್ಷ್ಮಜೀವಿಗೂ ಚರ್ಮದ ರೋಗಕ್ಕೂ ಸಂಬಂಧ ಇರಬಹುದು ಅಂತ ಈಗ ಸಂಶೋಧನೆ ನಡದೈತ್ರಿ. ಅವನ್ನ ಸರಿ ಮಾಡಿ ಚರ್ಮ ಸರಿ ಮಾಡಾಕ ಬರ್ತೈತೇನು ಅಂತ ನೋಡಾಕತ್ತಾರ. ಇನ್ನೂ ಖಾತ್ರಿ ಆಗಿಲ್ಲ. ಮೊಸರು ಉಣ್ರಿ, ಆದರ ಮೊಸರ ಔಷಧ ಅಂತ ತಿಳಕೊಂಡು ಮುಲಾಮ ಬಿಡಬ್ಯಾಡ್ರಿ. ಮತ್ತ ಇದು ಮುಟ್ಟಿದ್ರ ಹತ್ತೂದಲ್ಲ.’

ಮೊಸರು ಉಂಡಿದ್ದರೆ ಕಾಕು ಗುಣವಾಗುತ್ತಿದ್ದಳು ಎಂದು ನಾನು ಹೇಳುವುದಿಲ್ಲ. ಡಾಕ್ಟರೇ ಹೇಳಿಲ್ಲ. ಆದರೆ ಬಾಯಿಗೆ ರುಚಿಯಾದದ್ದನ್ನು ಉಂಡು ಬದುಕಬಹುದಿತ್ತು. ಯಾರ ಬಾಗಿಲಲ್ಲೂ ಹಾಗೆ ನಿಲ್ಲಬೇಕಿರಲಿಲ್ಲ. ಇದನ್ನು ತಿಳಿಯಲು ಯಾವ ಸಂಶೋಧನೆಯೂ ಬೇಕಿರಲಿಲ್ಲ.

ಇವತ್ತು ಅವ್ವ ಕಲ್ಲೋಳಿಯಿಂದ ಬಂದಳು, ಕೈಯಲ್ಲಿ ಸ್ಟೀಲ್ ಡಬ್ಬಿ. ಮೊಬೈಲಿನಲ್ಲಿ ಏನೋ ಕೇಳಿದ್ದಳಂತೆ. ‘ಹೊಟ್ಟಿ ಸುದ್ದ ಇದ್ರ ಮೈ ಸುದ್ದ ಇರ್ತೈತೆಂತ. ಮೊಸರು ತಂದೇನಿ, ಉಣ್ಣು. ಮತ್ತ ಇದೇನ ಹತ್ತೂ ರೋಗ ಅಲ್ಲ, ಯಾರರೆ ಅಂದ್ರ ಹಂಗ ಹೇಳು’ ಎಂದು ನನ್ನ ಮೊಣಕೈಯನ್ನು ಪ್ರೀತಿಯಿಂದ ಸವರಿದಳು.

‘ಅವ್ವಾ, ಇದು ಯಾರ ಹೆಪ್ಪಬೇ?’ ಅಂದೆ.

‘ಮನ್ಯಾಗಿಂದು. ಹಳೇದು.’

‘ಮನಿಗಿ ಎಲ್ಲಿಂದ ಬಂದಿತ್ತು?’

ಅವ್ವ ಸೆರಗು ಸರಿಪಡಿಸಿಕೊಂಡು ಹೊರಗೆ ನೋಡಿದಳು. ‘ಮೊಸರಿಗೆ ಯಾರರೆ ಹೆಸರ ಬರದಿರ್ತಾರೇನು? ಸುಮ್ನ ಉಣ್ಣು.’

ಉಂಡೆ. ಮೊಸರು ಕೊಯ್ದ ಹಾಗೆ ನಿಂತಿತ್ತು. ಸಂಜೆ ಮೊಣಕೈಗೆ ಮುಲಾಮು ಹಚ್ಚಿ, ಕೈ ತೊಳೆದು, ಅದರದೇ ಒಂದು ಚಮಚವನ್ನು ಕಾಸಿ ಆರಿಸಿದ ಹಾಲಿಗೆ ಹಾಕಿದೆ. ಅಡುಗೆಮನೆಯಲ್ಲಿ ಡಾಂಬರಿನ ವಾಸನೆ. ಬೆಳಿಗ್ಗೆ ಹಾಲು ಗಟ್ಟಿ ಮೊಸರಾಗುತ್ತದೆ. ಯಾರು ಕೇಳಿದರೂ ಕೊಡುತ್ತೇನೆ. ಅವತ್ತು ಬಾಗಿಲಿಗೆ ಬಂದು ಕೇಳಿದವಳಿಗೆ ಮಾತ್ರ ಕೊಡಲು ಆಗುವುದಿಲ್ಲ.